ಮೂರು ಸಲ ಹೇಳಿದರೂ "ನಮಗೆ ಯಾರೂ ಹೇಳಲೇ ಇಲ್ಲ" ಅಂತಾರೆ. ಜನರ ಕಣ್ಣಿಗೆ ಬೀಳೋದು ಹೇಗೆ?

ಖಾಲಿ_ಪುಟ

ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ಟಿಪ್ಪಣಿ ಬರೆದಿಟ್ಟುಕೊಳ್ಳೋ ಆ್ಯಪ್ ಮಾಡೋ ಸಣ್ಣ ಕಂಪನಿಯೊಂದರಲ್ಲಿ ನನ್ನ ಕೆಲಸ. ಬಳಕೆದಾರರಿಗೆ ಹೋಗೋ ಇಮೇಲು, ಆ್ಯಪ್ ಒಳಗಿನ ಬ್ಯಾನರು, ನೋಟಿಫಿಕೇಶನ್ನು ಎಲ್ಲ ನಾನೇ ಬರೆಯೋದು. ಮಾರ್ಕೆಟಿಂಗ್ ಅಂತ ಬೇರೆ ವಿಭಾಗ ಇಲ್ಲ, ನಾನೇ ಅದು.

ಕೆಲವು ತಿಂಗಳ ಹಿಂದೆ ಆಟೋ ಬ್ಯಾಕಪ್ ತಂದ್ವಿ, ಅಂದರೆ ಟಿಪ್ಪಣಿಗಳ ಇನ್ನೊಂದು ಪ್ರತಿ ತಾನಾಗೇ ಬೇರೆ ಕಡೆ ಉಳಿಯುತ್ತೆ. ಬಳಕೆದಾರರೇ ಅದನ್ನ ಆನ್ ಮಾಡ್ಕೋಬೇಕು. ಮೂರು ಇಮೇಲ್ ಕಳಿಸಿದೆ. ಆ್ಯಪ್ ತೆರೆದ ಕೂಡಲೇ ಕಾಣೋ ಹಾಗೆ ಮೇಲ್ಗಡೆ ನೀಲಿ ಬ್ಯಾನರ್ ಹಾಕಿದ್ವಿ, ಆರು ವಾರ ಇತ್ತು. ಹೋದ ವಾರ ಒಬ್ಬರ ಫೋನ್ ನೀರಿಗೆ ಬಿತ್ತು. ವರ್ಷಗಟ್ಟಲೆ ಬರೆದಿಟ್ಟಿದ್ದೆಲ್ಲ ಹೋಯ್ತು. ಅವರ ಪತ್ರದಲ್ಲಿ ಬೈಗುಳ ಇರಲಿಲ್ಲ. ಒಂದು ಸಾಲು ಮಾತ್ರ ಕೊರೀತಾ ಇದೆ: "ಇಂಥದ್ದೊಂದು ಇದೆ ಅಂತ ಒಂದು ಮಾತು ಹೇಳಬಾರದಿತ್ತಾ?"

ಲಾಗ್, ಅಂದರೆ ಯಾರಿಗೆ ಏನು ಯಾವಾಗ ಹೋಯ್ತು ಅನ್ನೋ ದಾಖಲೆ, ತೆಗೆದು ನೋಡಿದೆ. ಆ ಆರು ವಾರ ಹೆಚ್ಚುಕಮ್ಮಿ ದಿನಾ ಆ್ಯಪ್ ತೆರೆದಿದ್ದಾರೆ. ಪ್ರತಿ ಸಲವೂ ಬ್ಯಾನರ್ "ತೋರಿಸಲಾಗಿದೆ". ಎರಡನೇ ಇಮೇಲ್ "ತೆರೆಯಲಾಗಿದೆ".

ಬಾಸ್ ಹೇಳೋದು: ಬ್ಯಾನರ್ ಕೆಂಪು ಮಾಡು, ದೊಡ್ಡದು ಮಾಡು, ಮಿಣುಕಲಿ. ನನಗ್ಯಾಕೋ ಅದು ಸರಿ ಅನ್ನಿಸ್ತಿಲ್ಲ. ಆದರೆ ಎದುರು ವಾದ ಮಾಡೋಕೆ ಕೈಯಲ್ಲಿ ಏನೂ ಇಲ್ಲ. ಈ ಕೆಲಸದಲ್ಲಿ ಪಳಗಿದವರು ಇದ್ದರೆ ಹೇಳಿ.

ತಲೆಹರಟೆ

ಕೆಂಪು, ದೊಡ್ಡದು, ಮಿಣುಕು. ಜೊತೆಗೊಂದು ಸೈರನ್ ಇಟ್ಬಿಡಿ. ಆಂಬುಲೆನ್ಸ್ ಅಂದ್ಕೊಂಡು ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಡ್ತಾರೆ.

ಗೂಬೆಕಣ್ಣು

ತಲೆಹರಟೆ ತಮಾಷೆಗೆ ಹೇಳಿದ್ದು, ಆದರೆ ನಡೆಯೋದೂ ಅದೇ.

ನಾನು ಬಳಕೆದಾರರನ್ನ ಕೂರಿಸಿ ಪರೀಕ್ಷೆ ಮಾಡೋಳು. ಕಣ್ಣು ಎಲ್ಲೆಲ್ಲಿ ಓಡುತ್ತೆ ಅಂತ ಹಿಡಿಯೋ ಯಂತ್ರ ಇರುತ್ತಲ್ಲ, ಅದರ ಮುಂದೆ. ಪರದೆ ಮೇಲೆ ಒಂದು ಚುಕ್ಕಿ ಓಡಾಡುತ್ತೆ, ಅದೇ ಅವರ ನೋಟ. ಪುಟ ತೆರೆದ ತಕ್ಷಣ ಚುಕ್ಕಿ ಮೇಲಿಂದ ಇಳಿಯುತ್ತೆ, ಬ್ಯಾನರ್ ಹತ್ತಿರ ಬಂದಾಗ ಹೊಳೆ ನೀರು ಬಂಡೆ ಬಳಸಿಕೊಂಡು ಹೋದ ಹಾಗೆ ಪಕ್ಕದಿಂದ ಹೋಗಿಬಿಡುತ್ತೆ. ಮುಗಿದ ಮೇಲೆ "ಮೇಲ್ಗಡೆ ಏನಿತ್ತು?" ಅಂತ ಕೇಳ್ತೀನಿ. "ಏನೋ ಜಾಹೀರಾತು ಇತ್ತು." "ಯಾವುದರದ್ದು?" "ಗೊತ್ತಿಲ್ಲ, ನೋಡಲಿಲ್ಲ."

ನೋಡದೇ ಇದ್ದರೆ ಜಾಹೀರಾತು ಅಂತ ಹೇಗೆ ಗೊತ್ತಾಯ್ತು? ಅಲ್ಲೇ ಇರೋದು ಗುಟ್ಟು. ಓರೆಗಣ್ಣಲ್ಲೇ ಅದರ ಆಕಾರ, ಜಾಗ, ಬಣ್ಣ ನೋಡಿ "ಇದರಲ್ಲಿ ನನಗೇನೂ ಇಲ್ಲ" ಅಂತ ತೀರ್ಮಾನ ಆಗಿಹೋಗಿರುತ್ತೆ. ಓದೋ ಮಾತೇ ಬರಲ್ಲ.

ಇದಕ್ಕೆ ಬ್ಯಾನರ್ ಕುರುಡು ಅಂತ ಹೆಸರಿಟ್ಟಿದ್ದು 1998ರಲ್ಲಿ, ರೈಸ್ ವಿಶ್ವವಿದ್ಯಾಲಯದ ಜ್ಯಾನ್ ಬೆನ್‌ವೇ ಮತ್ತು ಡೇವಿಡ್ ಲೇನ್. ಅವರ ಪ್ರಯೋಗದಲ್ಲಿ ಜನ ಹುಡುಕ್ತಾ ಇದ್ದ ಮಾಹಿತಿಯೇ ಆ ಬ್ಯಾನರ್ ಹಿಂದೆ ಇತ್ತು. ಅಂದರೆ ಅದು ಜಾಹೀರಾತೇ ಅಲ್ಲ, ಅವರಿಗೆ ಬೇಕಾಗಿದ್ದ ಕೊಂಡಿ. ದೊಡ್ಡದಾಗಿ, ಬಣ್ಣಬಣ್ಣವಾಗಿ ಮೇಲೇ ಇತ್ತು. ಆದರೂ ಬಹಳ ಜನ ಅದನ್ನ ಬಿಟ್ಟು ಕೆಳಗಿನ ಸಾದಾ ಅಕ್ಷರದ ಕೊಂಡಿಗಳಲ್ಲಿ ಹುಡುಕ್ತಾ ಕೂತರು. ನಿಮ್ಮ ಬಾಸ್‌ಗೆ ಇದನ್ನ ಹೇಳಿ. ಎದ್ದು ಕಾಣಲಿ ಅಂತ ಮಾಡಿದ್ದೇ ಅದನ್ನ ಮುಚ್ಚಿಹಾಕಿತು.

ಖಾಲಿ_ಪುಟ

ಇದು ಸರಿಯಾಗಿ ತಾಗಿತು. ಮಿಣುಕೋದರ ಬಗ್ಗೆಯೂ ಏನಾದರೂ ಇದೆಯಾ? ಬಾಸ್‌ಗೆ ಅದರ ಮೇಲೇ ಜೀವ.

ಗೂಬೆಕಣ್ಣು

ಇದೆ. 2005ರಲ್ಲಿ ಮೊಯಿರಾ ಬರ್ಕ್ ಮತ್ತು ಸಂಗಡಿಗರು ಅದನ್ನೇ ನೋಡಿದ್ದು. ಬ್ಯಾನರ್‌ಗಳಿಂದ ಜನರ ಹುಡುಕಾಟ ನಿಧಾನ ಆಯ್ತು, ಅಂದರೆ ಕಿರಿಕಿರಿಯಂತೂ ಆಯ್ತು. ಆಮೇಲೆ ಕೇಳಿದರೆ ಬ್ಯಾನರ್ ನೆನಪಿದ್ದವರು ತೀರಾ ಕಡಿಮೆ, ಅದರಲ್ಲೂ ಕುಣಿಯೋ ಬ್ಯಾನರ್‌ಗಳು ಸುಮ್ಮನೆ ನಿಂತವಕ್ಕಿಂತ ಇನ್ನೂ ಕಡಿಮೆ ನೆನಪಿನಲ್ಲಿ ಉಳಿದವು. ತೊಂದರೆಯೂ ಕೊಟ್ಟ ಹಾಗಾಯ್ತು, ಹೇಳಿದ್ದೂ ಮುಟ್ಟಲಿಲ್ಲ.

ನಿಂಗೇನ_ಲಾಭ

ಕಿವಿಗೂ ಇದೇ ರೋಗ ಐತ್ರಿ. ನಾ ರೇಡಿಯೋ, ಪಾಡ್‌ಕಾಸ್ಟಿಗೆ ಜಾಹೀರಾತ ಬರಿಯಾಂವ.

1953ರಾಗ ಕಾಲಿನ್ ಚೆರ್ರಿ ಅನ್ನಾಂವ ಮಂದಿ ಒಂದೊಂದ ಕಿವಿಗೆ ಒಂದೊಂದ ಮಾತ ಕೇಳಿಸಿ, ಒಂದ ಕಿವಿದ ಅಷ್ಟ ಲಕ್ಷ್ಯಗೊಟ್ಟ ತಿರುಗಿ ಹೇಳ್ರಿ ಅಂದ. ಇನ್ನೊಂದ ಕಿವ್ಯಾಗ ಏನ ಬಂತು ಅಂತ ಕೇಳಿದ್ರ ಒಬ್ಬರಿಗೂ ಗೊತ್ತಿಲ್ಲ. ನಡುವ ಇಂಗ್ಲಿಷ್ ಹೋಗಿ ಜರ್ಮನ್ ಬಂದ್ರೂ ಗೊತ್ತಾಗಲಿಲ್ಲ. ಆದ್ರ ಗಂಡಸಿನ ದನಿ ಹೋಗಿ ಹೆಂಗಸಿನ ದನಿ ಬಂದ್ರ ಮಾತ್ರ ಗೊತ್ತಾತು. ನಿಮ್ಮ ಬಾಸ್ ಹೇಳಿದ ಕೆಂಪ ಬಣ್ಣ ಅಂದ್ರ ಇದ ನೋಡ್ರಿ. ದನಿ ಬದಲಾತು ಅಂತ ಗೊತ್ತಾಕ್ಕೈತಿ, ಏನ ಹೇಳಿದ್ರ ಅನ್ನೂದ ಗೊತ್ತಾಗಂಗಿಲ್ಲ.

ಮುಂದ 1959ರಾಗ ನೆವಿಲ್ ಮೋರೆ ಆ ಬಿಟ್ಟ ಕಿವ್ಯಾಗ ಅವರವರ ಹೆಸರ ತುರುಕಿದ. ಸುಮಾರ ಮೂರರಾಗ ಒಬ್ಬರಿಗೆ ಕೇಳಿಸ್ತು. ಅಂದ್ರ ತನ್ನದು ಅನ್ನೂದ ಬಂದ್ರ ಬಾಗಿಲ ಸ್ವಲ್ಪ ತೆಗಿತೈತಿ.

ಮಾರುಕಟ್ಟೆ_ಮಾವ

ಹಾಗಾದರೆ ಉತ್ತರ ಸುಲಭ. ಇಮೇಲಿನ ವಿಷಯದ ಸಾಲಿಗೆ ಹೆಸರು ಸೇರಿಸಿ. "ಇಂಥವರೇ, ನಿಮಗಾಗಿ ಒಂದು ವಿಶೇಷ ಸೌಲಭ್ಯ". ನಾವು ಮಾಡೋದು ಅದನ್ನೇ. ಮತ್ತೆ ಮೂರು ಸಲ ಅಲ್ಲ, ಇನ್ನೂ ಹೆಚ್ಚು ಕಳಿಸಿ. ಜನರ ಗಮನ ಈಗ ಎಂಟು ಸೆಕೆಂಡಿಗೆ ಇಳಿದಿದೆ, ಗೋಲ್ಡ್ ಫಿಶ್‌ಗಿಂತ ಕಡಿಮೆ ಅಂತ ಹೇಳ್ತಾರಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಬೇಕಾದರೆ ಜೋರಾಗಿಯೇ ಬಾರಿಸಬೇಕು.

ಅನ್‌ಸಬ್‌ಸ್ಕ್ರೈಬ್_ರಾಣಿ

ಆ ಕೋಣ ನಾನೇ, ನಮಸ್ಕಾರ.

ಬೆಳಿಗ್ಗೆ ಇನ್‌ಬಾಕ್ಸ್ ಹೇಗೆ ತೆಗೀತೀನಿ ಅಂತ ಹೇಳ್ತೀನಿ ಕೇಳಿ. ಹೆಬ್ಬೆರಳು ಎಡಕ್ಕೆ ತಳ್ಳೋಕೆ ರೆಡಿ ಆಗಿರುತ್ತೆ. ಮೊದಲು ಕಳಿಸಿದವರ ಹೆಸರು, ಆಮೇಲೆ ವಿಷಯದ ಮೊದಲ ಎರಡು ಪದ, ಅಷ್ಟೇ ನೋಡೋದು. ಅದರಲ್ಲಿ ನನ್ನ ಹೆಸರು ಕಂಡರೆ ಇನ್ನೂ ಬೇಗ ತಳ್ತೀನಿ! ಯಾಕೆಂದರೆ ನನ್ನನ್ನ ಬಲ್ಲವರು ಯಾರೂ ವಿಷಯದ ಸಾಲಲ್ಲಿ ನನ್ನ ಹೆಸರು ಬರೆಯಲ್ಲ. ಮಷೀನು ಮಾತ್ರ ಬರೆಯುತ್ತೆ. ಒಮ್ಮೆಯಂತೂ "ಪ್ರಿಯ ಫಸ್ಟ್‌ನೇಮ್, ನೀವು ನಮಗೆ ತುಂಬಾ ವಿಶೇಷ" ಅಂತ ಬಂದಿತ್ತು. ಅದನ್ನ ಮಾತ್ರ ಇಟ್ಕೊಂಡಿದೀನಿ.

ಗಮನ ಕಡಿಮೆ ಆಗಿದೆ ಅನ್ನೋದೂ ನನಗೆ ಒಪ್ಪಿಗೆ ಇಲ್ಲ. ನಿನ್ನೆ ರಾತ್ರಿ ಒಂದೇ ಕೂತಲ್ಲಿ ನಾಲ್ಕು ಗಂಟೆ ಒಂದು ಸರಣಿ ನೋಡಿದೀನಿ. ನಿಮಗೆ ಕೊಡೋಕೆ ನನ್ನ ಹತ್ತಿರ ಗಮನ ಇಲ್ಲ, ಅದು ಬೇರೆ ವಿಷಯ.

ಖಾಲಿ_ಪುಟ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬ್ಯಾಕಪ್ ಇಮೇಲಿಗೆ ಮುಂಚೆ ನೀವು ಕಳಿಸಿದ್ದ ಹತ್ತು ಇಮೇಲ್ ಯಾವುವು?

ಖಾಲಿ_ಪುಟ

ತೆಗೆದು ನೋಡಿದೆ. ಹಾಗೇ ಇಳಿಸ್ತೀನಿ, ಬೈಬೇಡಿ.

ನಮ್ಮ ಹೊಸ ಲೋಗೋ ಬಂತು! / ನಿಮ್ಮನ್ನು ಮಿಸ್ ಮಾಡ್ಕೋತಿದ್ದೇವೆ / ಒಂದೇ ನಿಮಿಷದ ಸಮೀಕ್ಷೆ / ಕೊನೆಯ ಅವಕಾಶ: ಸಮೀಕ್ಷೆ / ಡಾರ್ಕ್ ಮೋಡ್ ಬಂದೇಬಿಟ್ಟಿತು! / ಪ್ರೀಮಿಯಂ ಮೇಲೆ ರಿಯಾಯಿತಿ / ಇವತ್ತೇ ಕೊನೆ: ರಿಯಾಯಿತಿ / ನಿಮಗಾಗಿ ರಿಯಾಯಿತಿ ವಿಸ್ತರಿಸಲಾಗಿದೆ / ನಮ್ಮ ತಂಡ ದೊಡ್ಡದಾಯಿತು / ಉತ್ಪಾದಕರಾಗಲು ಐದು ಸೂತ್ರಗಳು.

ಇದನ್ನೆಲ್ಲ ಒಂದರ ಕೆಳಗೆ ಒಂದು ಇಟ್ಟು ನಾನೇ ಯಾವತ್ತೂ ನೋಡಿರಲಿಲ್ಲ.

ಅನ್‌ಸಬ್‌ಸ್ಕ್ರೈಬ್_ರಾಣಿ

ಹುಲಿ ಬಂತು ಹುಲಿ ಅಂತ ಹತ್ತು ಸಲ ಕೂಗಿದೀರಿ. ಅದರಲ್ಲೂ "ಇವತ್ತೇ ಕೊನೆ" ಆದಮೇಲೆ "ವಿಸ್ತರಿಸಲಾಗಿದೆ" ಅಂತ ಬಂದ ದಿನವೇ ನಿಮ್ಮ ಹೆಸರು ಕಂಡರೆ ಬೆರಳು ತಾನೇ ಸರಿಯೋಕೆ ಶುರು ಆಗಿರುತ್ತೆ. ಹನ್ನೊಂದನೇದು ನಿಜವಾದ ಹುಲಿ ಅಂತ ನನಗೆ ಹೇಗೆ ಗೊತ್ತಾಗಬೇಕು? ಅಕ್ಷರ ಅದೇ, ಬಣ್ಣ ಅದೇ, ಆಶ್ಚರ್ಯಸೂಚಕ ಅದೇ.

ಹಳೇ_ಕೀಲಿಮಣೆ

ಈ ಚರ್ಚೆ ಓದುತ್ತಿದ್ದಂತೆ ಹಳೆಯದು ನೆನಪಾಯಿತು. ವೆಬ್‌ನ ಮೊದಲ ಬ್ಯಾನರ್‌ಗಳು ಬಂದದ್ದು 1994ರ ಅಕ್ಟೋಬರ್ 27ರಂದು, ಹಾಟ್‌ವೈರ್ಡ್ ತಾಣದಲ್ಲಿ. ಅವುಗಳಲ್ಲಿ ಎಟಿ ಅಂಡ್ ಟಿ ಕಂಪನಿಯದು ಹೆಸರಾಯಿತು. ಕಪ್ಪು ಪಟ್ಟಿಯ ಮೇಲೆ, ಇಲ್ಲಿ ಎಂದಾದರೂ ಮೌಸ್ ಒತ್ತಿದ್ದೀರಾ, ಒತ್ತುವಿರಿ ಎಂಬರ್ಥದ ಸಾಲು. ನೋಡಿದವರಲ್ಲಿ 44 ಶೇಕಡಾ ಮಂದಿ ಒತ್ತಿದರು ಎಂದು ಆ ಕಾಲದವರು ಇಂದಿಗೂ ಹೇಳಿಕೊಳ್ಳುತ್ತಾರೆ. ಇಂದು ನೂರಕ್ಕೆ ಒಬ್ಬರು ಒತ್ತಿದರೂ ಜಾಹೀರಾತಿನವರು ಹಬ್ಬ ಮಾಡುತ್ತಾರೆ.

ಅಂದಿನ ಪಟ್ಟಿಯಲ್ಲಿ ಮಾಂತ್ರಿಕವಾದುದೇನೂ ಇರಲಿಲ್ಲ. ಆ ಜಾಗ ಹೊಸತು. ಅಲ್ಲಿ ಏನಿರಬಹುದು ಎಂದು ಯಾರಿಗೂ ತಿಳಿದಿರಲಿಲ್ಲ, ಆದ್ದರಿಂದ ಎಲ್ಲರೂ ಇಣುಕಿದರು. ಹುಲ್ಲುಗಾವಲು ಕಂಡ ಮಂದೆಯಂತೆ ಎಲ್ಲರೂ ಅಲ್ಲಿಗೇ ನುಗ್ಗಿದೆವು, ನಾಲ್ಕೇ ವರ್ಷದಲ್ಲಿ ನೆಲ ಬೋಳಾಯಿತು, ಬ್ಯಾನರ್ ಕುರುಡಿಗೆ ಹೆಸರಿಡುವ ಸ್ಥಿತಿ ಬಂತು. ಆಮೇಲೆ ಪುಟದ ಮೇಲೆ ತಾನಾಗಿ ತೆರೆದುಕೊಳ್ಳುವ ಪಾಪ್-ಅಪ್ ಕಿಟಕಿಗಳು. ಅದರ ಮೊದಲ ಕೋಡ್ ಬರೆದವರಲ್ಲಿ ಒಬ್ಬರಾದ ಈಥನ್ ಝಕರ್‌ಮನ್ 2014ರಲ್ಲಿ ಲೇಖನವೊಂದರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಪಾಪ್-ಅಪ್ ಬೋಳಾದ ಮೇಲೆ ಇಮೇಲ್, ಅದಾದ ಮೇಲೆ ನೋಟಿಫಿಕೇಶನ್. 2022ರಲ್ಲಿ ಆಂಡ್ರಾಯ್ಡ್ 13 ಬಂದಾಗಿನಿಂದ ನೋಟಿಫಿಕೇಶನ್ ಕಳಿಸಲೂ ಆ್ಯಪ್‌ಗಳು ಮೊದಲು ಅನುಮತಿ ಬೇಡಬೇಕು. ಮೇಯಿಸಿದ್ದು ನಾವೇ, ಬೇಲಿ ಹಾಕಿದರು ಎಂದು ದೂರುವವರೂ ನಾವೇ.

ಮಾರುಕಟ್ಟೆ_ಮಾವ ಅವರ "ಇನ್ನೂ ಹೆಚ್ಚು ಕಳಿಸಿ" ಎಂಬ ಸಲಹೆಯ ಬಗ್ಗೆ ನನ್ನ ತಕರಾರು ಇಷ್ಟೇ.

ಮಾರುಕಟ್ಟೆ_ಮಾವ

ತಕರಾರು ಇರಲಿ. ಆದರೆ ಮೂರು ಸಲ ಹೇಳಬೇಕು ಅನ್ನೋದು ನಾನು ಕಟ್ಟಿದ ಕತೆ ಅಲ್ಲ. 1972ರಲ್ಲಿ ಹರ್ಬರ್ಟ್ ಕ್ರುಗ್‌ಮನ್ ಬರೆದಿದ್ದಾರೆ. ಜಾಹೀರಾತು ಕಲಿಯುವ ಎಲ್ಲರೂ ಓದುವ ಲೇಖನ.

ಗೂಬೆಕಣ್ಣು

ಬರೆದಿದ್ದಾರೆ, ಆದರೆ ಅವರು ಎಣಿಸಿದ್ದು ನೋಡುಗರ ತಲೆಯೊಳಗೆ. ಮೊದಲ ಸಲ "ಇದೇನು?", ಎರಡನೇ ಸಲ "ಇದರಿಂದ ನನಗೇನು?", ಮೂರನೇದು ನೆನಪಿಸೋಕೆ. ಪರದೆ ಮೇಲೆ ಮೂರು ಸಲ ಬಂದರೆ ಮೂರು ಆಯ್ತು ಅಂತ ಅವರು ಹೇಳಲೇ ಇಲ್ಲ. ಇಪ್ಪತ್ತು ಸಲ ಕಣ್ಣ ಮುಂದೆ ಹಾದುಹೋದದ್ದು ತಲೆಯೊಳಗೆ ಇನ್ನೂ ಒಂದನ್ನೂ ದಾಟಿರದೇ ಇರಬಹುದು.

ಇನ್ನೊಂದು. ಒಂದೇ ರೂಪದ್ದನ್ನ ಮತ್ತೆ ಮತ್ತೆ ತೋರಿಸಿದರೆ ಏನಾಗುತ್ತೆ ಅಂತ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2015ರಲ್ಲಿ ಮಿದುಳಿನ ಸ್ಕ್ಯಾನ್ ಇಟ್ಕೊಂಡು ನೋಡಿದರು. ಕಂಪ್ಯೂಟರಿನ ಸುರಕ್ಷತೆ ಎಚ್ಚರಿಕೆಗಳ ಮೇಲೆ. ನೋಟಕ್ಕೆ ಸಂಬಂಧಪಟ್ಟ ಭಾಗದ ಚುರುಕು ಎರಡನೇ ಸಲಕ್ಕೇ ದೊಡ್ಡದಾಗಿ ಇಳಿದುಹೋಗಿತ್ತು. ಎಚ್ಚರಿಕೆಯ ರೂಪ ಬದಲಿಸ್ತಾ ಹೋದರೆ ಆ ಇಳಿತ ನಿಧಾನ ಆಯ್ತು. ಖಾಲಿ_ಪುಟ ಅವರ ನೀಲಿ ಬ್ಯಾನರ್ ಆರು ವಾರ ಇತ್ತಲ್ಲ, ಮೊದಲ ಎರಡು ದಿನ ಅದು ಬ್ಯಾನರ್, ಆಮೇಲೆ ಗೋಡೆ.

ಬೂದಿಬಣ್ಣ

ಲಾಗ್ ಬಗ್ಗೆ ಯಾರೂ ಮಾತಾಡಲಿಲ್ಲ. "ತೋರಿಸಲಾಗಿದೆ", "ತೆರೆಯಲಾಗಿದೆ" ಎರಡನ್ನೂ ನಂಬಬೇಡಿ.

ಆನ್‌ಲೈನ್ ಜಾಹೀರಾತಿನ ಲೆಕ್ಕದಲ್ಲಿ ಬ್ಯಾನರಿನ ಅರ್ಧ ಪಿಕ್ಸೆಲ್‌ಗಳು ಒಂದು ಸೆಕೆಂಡ್ ಪರದೆ ಮೇಲಿದ್ದರೆ ಅದು ಕಾಣಿಸಿತು ಅಂತ ಗಣನೆ. ವಿಡಿಯೊ ಆದರೆ ಎರಡು ಸೆಕೆಂಡ್. ಅರ್ಧ ಬ್ಯಾನರ್, ಒಂದು ಸೆಕೆಂಡ್! ಎದುರಿಗೆ ಮನುಷ್ಯ ಇದ್ದನೋ ಇಲ್ಲವೋ ಅದಕ್ಕೆ ಲೆಕ್ಕವಿಲ್ಲ.

ಇಮೇಲ್ ತೆರೆದದ್ದು ಗೊತ್ತಾಗೋದು ಅದರೊಳಗೆ ಅಡಗಿಸಿಟ್ಟ ಸಣ್ಣ ಚಿತ್ರ ಲೋಡ್ ಆದಾಗ. 2021ರಲ್ಲಿ ಐಒಎಸ್ 15 ಜೊತೆ ಆ್ಯಪಲ್ ಮೇಲ್‌ಗೆ ಗೋಪ್ಯತೆ ರಕ್ಷಣೆ ಬಂತು. ಅದನ್ನ ಒಪ್ಪಿಕೊಂಡವರ ಇಮೇಲಿನ ಚಿತ್ರಗಳನ್ನ ಆ್ಯಪಲ್ ಸರ್ವರ್‌ಗಳೇ ಮುಂಚೆ ತಂದಿಡುತ್ತವೆ, ಓದಲಿ ಬಿಡಲಿ. ನಿಮ್ಮ ಆ ಬಳಕೆದಾರರದ್ದು ಐಫೋನ್ ಆಗಿದ್ದರೆ ಎರಡನೇ ಇಮೇಲ್ ತೆರೆದದ್ದು ಒಂದು ಸರ್ವರ್ ಇರಬಹುದು.

ಖಾಲಿ_ಪುಟ

ಐಫೋನೇ.

ಹಾಗಾದರೆ ಆ ಲಾಗ್ ತೋರಿಸಿ "ನಾವು ಹೇಳಿದ್ದೆವಲ್ಲ ಮೇಡಂ" ಅಂತ ಬರೆದ ಉತ್ತರ ಕಳಿಸದೇ ಇದ್ದದ್ದು ಒಳ್ಳೇದಾಯ್ತು. ಡ್ರಾಫ್ಟ್‌ನಲ್ಲೇ ಇದೆ. ಈಗ ಅಳಿಸ್ತೀನಿ.

ಅಕ್ಷರಮೋಹಿ

ಕಾಯಿಲೆ ಬಗ್ಗೆ ಸಾಕಷ್ಟು ಮಾತಾಯ್ತು, ಇಮೇಲ್ ತೋರಿಸಿ. ಪೂರ್ತಿ ಹಾಕಿ, ಕೆತ್ತೋಣ.

ಖಾಲಿ_ಪುಟ

ಇಗೋ.

"ವಿಷಯ: ರೋಮಾಂಚಕ ಸುದ್ದಿ! ನಿಮ್ಮ ಅನುಭವ ಈಗ ಇನ್ನಷ್ಟು ಸುರಕ್ಷಿತ!

ಪ್ರಿಯ ಬಳಕೆದಾರರೇ, ನಿಮ್ಮ ಅನುಭವವನ್ನು ಮತ್ತಷ್ಟು ಉತ್ತಮಗೊಳಿಸುವ ನಿಟ್ಟಿನಲ್ಲಿ ಆಟೋ ಬ್ಯಾಕಪ್ ಎಂಬ ನವನವೀನ ಸೌಲಭ್ಯವನ್ನು ಪರಿಚಯಿಸಲು ನಮಗೆ ಅತೀವ ಹರ್ಷವಾಗುತ್ತಿದೆ. ಇಂದೇ ಸಕ್ರಿಯಗೊಳಿಸಿ ಹಾಗೂ ನಿಶ್ಚಿಂತರಾಗಿರಿ!"

ಅಕ್ಷರಮೋಹಿ

ಒಂದೊಂದೇ ನೋಡೋಣ.

"ರೋಮಾಂಚಕ ಸುದ್ದಿ": ಬ್ಯಾಕಪ್ ಕೇಳಿ ಯಾರ ಮೈ ಮೇಲೂ ರೋಮ ಎದ್ದಿಲ್ಲ. ಈ ಎರಡು ಪದ ಕಂಡ ಕೂಡಲೇ ಇದು ಯಾವ ಜಾತಿಯ ಇಮೇಲ್ ಅಂತ ಗೊತ್ತಾಗಿಹೋಗುತ್ತೆ. ರಾಣಿಯವರು ನೋಡೋ ಎರಡು ಪದ ಇವೇ.

"ನಿಮ್ಮ ಅನುಭವ": ಅವರ ಹತ್ತಿರ ಇರೋದು ಅನುಭವ ಅಲ್ಲ, ಟಿಪ್ಪಣಿ.

"ಪರಿಚಯಿಸಲು ನಮಗೆ ಅತೀವ ಹರ್ಷವಾಗುತ್ತಿದೆ": ಮದುವೆ ಮನೆ ಆಮಂತ್ರಣದ ಕನ್ನಡ. ಹರ್ಷ ನಿಮಗೆ ಆಗಿದೆ, ಸರಿ. ಅವರ ಫೋನ್ ನೀರಿಗೆ ಬಿದ್ದರೆ ಏನಾಗುತ್ತೆ ಅನ್ನೋದು ಇಡೀ ಇಮೇಲಿನಲ್ಲಿ ಎಲ್ಲೂ ಇಲ್ಲ. ಇರಬೇಕಾಗಿದ್ದ ಒಂದೇ ವಾಕ್ಯ ಅದು.

"ಸಕ್ರಿಯಗೊಳಿಸಿ": ಎಲ್ಲಿ? ಹೇಗೆ?

ನಾನಾಗಿದ್ದರೆ ಹೀಗೆ:

"ವಿಷಯ: ನಿಮ್ಮ ಟಿಪ್ಪಣಿಗಳು ಈ ಒಂದು ಫೋನಿನಲ್ಲಿ ಮಾತ್ರ ಇವೆ

ಫೋನ್ ಕಳೆದರೆ ಅಥವಾ ಕೆಟ್ಟರೆ ಟಿಪ್ಪಣಿಗಳೂ ಹೋಗುತ್ತವೆ. ನಮ್ಮ ಬಳಿ ಇನ್ನೊಂದು ಪ್ರತಿ ಇಲ್ಲ, ತಂದುಕೊಡಲು ಆಗುವುದಿಲ್ಲ. ಬೇಡ ಎನಿಸಿದರೆ ಆ್ಯಪ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಆನ್ ಮಾಡಿ."

"ಬೇಡ ಎನಿಸಿದರೆ" ಅಂದಿದ್ದು ಎಡವಟ್ಟಾಯ್ತು, ಯಾವುದು ಬೇಡ ಅಂತ ಗೊಂದಲ. "ಹೀಗಾಗಬಾರದು ಎಂದಿದ್ದರೆ" ಅನ್ನಿ.

ಆಶ್ಚರ್ಯಸೂಚಕ ಎಷ್ಟು? ಸೊನ್ನೆ.

ಬೂದಿಬಣ್ಣ

ಚೆನ್ನಾಗಿದೆ, ಆದರೆ ನನಗೆ ಭಯ ಆಗೋದು ಇಲ್ಲೇ. "ನಿಮ್ಮ ಕಡತ ಅಪಾಯದಲ್ಲಿದೆ, ಕೂಡಲೇ ಇದನ್ನು ಮಾಡಿ" ಅನ್ನೋ ಅಚ್ಚಿನಲ್ಲೇ ವಂಚಕರ ಇಮೇಲ್‌ಗಳೂ ಬರ್ತವೆ. ಜಾಹೀರಾತು ಅಂತ ತಳ್ಳೋ ಬದಲು ಮೋಸ ಅಂತ ತಳ್ತಾರೆ. ಇನ್ನು ಹೆದರಿಸಿ ಗಮನ ಸೆಳೆಯೋದು ಸುಲಭ ಅಂತ ಬಾಸ್‌ಗೆ ಒಮ್ಮೆ ರುಚಿ ಹತ್ತಿದರೆ ಮುಂದಿನ ತಿಂಗಳು ಪ್ರೀಮಿಯಂಗೂ ಅದೇ ದನಿ.

ಅಕ್ಷರಮೋಹಿ

ಮೊದಲನೇದು ನಿಜ, ಅದಕ್ಕೇ ನನ್ನ ಕರಡಿನಲ್ಲಿ ಕೊಂಡಿ ಇಲ್ಲ, ಬಟನ್ ಇಲ್ಲ. ವಂಚಕನಿಗೆ ನೀವು ಒತ್ತಲೇಬೇಕು. ಇಲ್ಲಿ ಒತ್ತೋಕೆ ಏನೂ ಇಲ್ಲ, ನೀವೇ ಹೋಗಿ ಆ್ಯಪ್ ತೆರೀಬೇಕು. ಒಂದು ಹೆಜ್ಜೆ ಹೆಚ್ಚಾಗುತ್ತೆ, ಒಂದಷ್ಟು ಜನ ಅಲ್ಲೇ ಬಿಡ್ತಾರೆ. ಆ ನಷ್ಟ ನನಗೆ ಒಪ್ಪಿಗೆ.

ಎರಡನೇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹೆದರಿಕೆ ಅಂತೀರಿ, ನನಗೆ ಅದು ಬರೀ ನಿಜ ಅನ್ನಿಸುತ್ತೆ. ಫೋನ್ ಹೋದರೆ ಟಿಪ್ಪಣಿ ಹೋಗುತ್ತೆ ತಾನೇ?

ಗೂಬೆಕಣ್ಣು

ನನಗೆ ಇಮೇಲ್‌ಗಿಂತ ಜಾಗ ಮುಖ್ಯ.

ಗೊರಿಲ್ಲಾ ಪ್ರಯೋಗ ಕೇಳಿರ್ತೀರಿ. ಡೇನಿಯಲ್ ಸೈಮನ್ಸ್, ಕ್ರಿಸ್ಟೊಫರ್ ಶಾಬ್ರಿ, 1999. ಬಿಳಿ ಅಂಗಿಯವರು ಚೆಂಡನ್ನ ಎಷ್ಟು ಸಲ ದಾಟಿಸ್ತಾರೆ ಅಂತ ಎಣಿಸಿ ಅಂದರು, ನಡುವೆ ಗೊರಿಲ್ಲಾ ವೇಷದವಳು ಬಂದು ಹೋದಳು, ಸುಮಾರು ಅರ್ಧ ಜನಕ್ಕೆ ಕಾಣಲೇ ಇಲ್ಲ. ಎಲ್ಲರೂ ಇಷ್ಟು ಹೇಳಿ ನಿಲ್ಲಿಸ್ತಾರೆ. ನಮಗೆ ಬೇಕಾಗಿರೋದು ಅದರ ಮುಂದಿನ ಭಾಗ. ಅಲ್ಲಿ ಕಪ್ಪು ಅಂಗಿಯವರ ಗುಂಪೂ ಇತ್ತು. ಕಪ್ಪು ಅಂಗಿಯವರನ್ನ ಎಣಿಸಿ ಅಂತ ಹೇಳಿಸಿಕೊಂಡವರಿಗೆ ಗೊರಿಲ್ಲಾ ಹೆಚ್ಚು ಕಂಡಿತು. ಯಾಕೆ? ಗೊರಿಲ್ಲಾ ಕಪ್ಪು.

ಕಣ್ಣು ಏನನ್ನ ಹುಡುಕ್ತಾ ಇದೆಯೋ ಅದನ್ನ ಹೋಲೋದು ಕಾಣುತ್ತೆ. ಎದ್ದು ಕಾಣಲಿ ಅಂತ ಬೇರೆ ಬಣ್ಣ ಕೊಟ್ಟಷ್ಟೂ ಬಿಳಿ ಅಂಗಿ ಎಣಿಸೋರ ಮುಂದೆ ಕಪ್ಪು ಗೊರಿಲ್ಲಾ ಕುಣಿಸಿದ ಹಾಗೆ.

ಈಗ ನಿಮ್ಮ ಆ್ಯಪ್ ತೆಗೆದುಕೊಳ್ಳಿ. ಬಳಕೆದಾರರು ತೆರೆಯೋದು ಟಿಪ್ಪಣಿ ಹುಡುಕೋಕೆ. ಅವರ ಕಣ್ಣು ಓಡೋದು ಟಿಪ್ಪಣಿಗಳ ಪಟ್ಟಿ ಮೇಲೆ. ಶೀರ್ಷಿಕೆ, ಅದರ ಕೆಳಗೆ ಸಣ್ಣಕ್ಷರದಲ್ಲಿ ತಾರೀಖು ಇರುತ್ತಲ್ವಾ? ಆ ತಾರೀಖಿನ ಪಕ್ಕ, ಅದೇ ಅಳತೆಯಲ್ಲಿ, ಅದೇ ಬೂದು ಬಣ್ಣದಲ್ಲಿ ಮೂರು ಪದ ಬರೀರಿ: "ಈ ಫೋನಿನಲ್ಲಿ ಮಾತ್ರ". ಪ್ರತಿ ಟಿಪ್ಪಣಿಗೂ. ಒತ್ತಿದರೆ ಬ್ಯಾಕಪ್ ಪುಟ. ಆನ್ ಆದಮೇಲೆ ಆ ಮೂರು ಪದ ಮಾಯ.

ಬ್ಯಾನರ್ ತೆಗೆದೇಬಿಡಿ.

ತಲೆಹರಟೆ

ಮೂರು ಸಣ್ಣ ಬೂದು ಪದ. ಬಾಸ್ ಮುಖ ನೋಡೋಕೆ ಟಿಕೆಟ್ ಎಲ್ಲಿ ಸಿಗುತ್ತೆ?

ಮಾರುಕಟ್ಟೆ_ಮಾವ

ಇದು ನನಗೆ ಒಗ್ಗುತ್ತಿಲ್ಲ. ನೂರು ಕರಿ ಗುಂಡಿಗಳ ನಡುವೆ ಒಂದು ಬಿಳಿ ಗುಂಡಿ ಇದ್ದರೆ ಕಣ್ಣು ಬಿಳಿಯದಕ್ಕೇ ಹೋಗುತ್ತದೆ. ಒಂಟಿಯಾಗಿ ನಿಂತದ್ದು ನೆನಪಿನಲ್ಲಿ ಉಳಿಯುತ್ತದೆ ಅಂತ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲೇ ತೋರಿಸಿಕೊಟ್ಟರು. ಫೋಕ್ಸ್‌ವ್ಯಾಗನ್‌ನ 1959ರ ಜಾಹೀರಾತು ನೋಡಿ. ಇಡೀ ಪುಟ ಖಾಲಿ, ಮೂಲೆಯಲ್ಲಿ ಪುಟ್ಟ ಕಾರು, ಸಣ್ಣದಾಗಿ ಯೋಚಿಸಿ ಎನ್ನುವ ಸಾಲು. ಎದ್ದು ಕಂಡಿದ್ದಕ್ಕೇ ಇವತ್ತಿಗೂ ಅದರ ಮಾತು.

ಹಳೇ_ಕೀಲಿಮಣೆ

ಆ ಕಾರಿನ ಉದಾಹರಣೆ ನಿಮ್ಮ ಎದುರಾಳಿಗಳ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅಂದಿನ ಅಮೆರಿಕದ ಕಾರು ಜಾಹೀರಾತುಗಳಲ್ಲಿ ಉದ್ದುದ್ದ ಕಾರು, ಬಣ್ಣದ ಚಿತ್ರ, ನಗುವ ಕುಟುಂಬ. ಎಲ್ಲರೂ ಕೂಗುತ್ತಿದ್ದಾಗ ಇದು ಪಿಸುಗುಟ್ಟಿತು. ಕಪ್ಪು ಬಿಳುಪು, ಬಹುಪಾಲು ಖಾಲಿ. ಅದು ಎದ್ದು ಕಂಡದ್ದು ನಿಜ, ಆದರೆ ಜಾಹೀರಾತಿನ ಎಂದಿನ ರೂಪವನ್ನು ಬಿಟ್ಟುಕೊಟ್ಟು. ಇಂದು ಎಲ್ಲ ಕಡೆ ಕೆಂಪು ಪಟ್ಟಿಗಳು ಕೂಗುತ್ತಿರುವಾಗ ಇನ್ನೊಂದು ಕೆಂಪು ಪಟ್ಟಿ ಒಂಟಿ ಗುಂಡಿ ಆಗುವುದಿಲ್ಲ, ನೂರರಲ್ಲಿ ಇನ್ನೊಂದು ಆಗುತ್ತದೆ.

ಆದರೆ ನಿಮ್ಮ ಮಾತಿನಲ್ಲಿ ಒಂದು ಪಾಲು ಸತ್ಯವಿದೆ. ಹೆಸರು ಪರಿಚಿತವಾಗಿಸುವುದಷ್ಟೇ ಗುರಿಯಾದರೆ ಯಾರೂ ಗಮನವಿಟ್ಟು ನೋಡಬೇಕಿಲ್ಲ. ಮತ್ತೆ ಮತ್ತೆ ಕಣ್ಣಿಗೆ ಬಿದ್ದದ್ದರ ಮೇಲೆ ಒಲವು ಬೆಳೆಯುತ್ತದೆ ಎಂದು ರಾಬರ್ಟ್ ಝಯಾಂಕ್ 1968ರಲ್ಲಿ ತೋರಿಸಿದರು. ಗೋಡೆಯ ಮೇಲಿನ ಹೆಸರಿಗೆ ಅದು ಸಾಕು. "ಇಲ್ಲಿಗೆ ಹೋಗಿ ಇದನ್ನು ಆನ್ ಮಾಡಿ" ಎನ್ನುವುದಕ್ಕೆ ಸಾಲದು. ಪರಿಚಯ ಆಗಬೇಕೋ, ಕೆಲಸ ಆಗಬೇಕೋ ಎಂದು ಮೊದಲೇ ಕೇಳಿಕೊಳ್ಳದೆ ನಾವು ಇಲ್ಲಿ ಗುದ್ದಾಡುತ್ತಿದ್ದೇವೆ.

ನಿಂಗೇನ_ಲಾಭ

ಮನಸ್ಸಿಗೆ ಗೊತ್ತಾಗಧಂಗ ಒಳಗ ತುರುಕತೀವಿ ಅಂತ ಹೇಳಿದವರೂ ಇದ್ರು. ಜೇಮ್ಸ್ ವಿಕರಿ, 1957. ಚಿತ್ರಮಂದಿರದ ಪರದೆ ಮ್ಯಾಲ ಕಣ್ಣಿಗೆ ಕಾಣಧಂಗ ಸಾಲ ಮಿಂಚಿಸಿ ವ್ಯಾಪಾರ ಹೆಚ್ಚ ಮಾಡೇನಿ ಅಂದ. ಐದ ವರ್ಷ ಬಿಟ್ಟ, ಹೇಳಕೊಳ್ಳುವಷ್ಟ ದಾಖಲೆ ಇಲ್ಲ ಅಂತ ತಾನ ಒಪಗೊಂಡ. ನಮ್ಮ ಕಸಬಿನ ಮಂದಿ ಇನ್ನೂ ಅದನ್ನ ನಂಬತಾರ, ಅದಕ್ಕ ನಗು ಬರತೈತಿ.

ಬೂದಿಬಣ್ಣ

ಗೂಬೆಕಣ್ಣು ಹೇಳಿದ್ದಕ್ಕೆ ಒಂದು ಬೇಲಿ ಬೇಕು. "ಹುಡುಕುತ್ತಿರೋದನ್ನ ಹೋಲಬೇಕು" ಅನ್ನೋ ಮಾತು ಹಿಡ್ಕೊಂಡೇ ಸುದ್ದಿಯ ವೇಷ ಹಾಕಿದ ಜಾಹೀರಾತು, ಡೌನ್‌ಲೋಡ್ ಬಟನ್‌ನ ವೇಷ ಹಾಕಿದ ಜಾಹೀರಾತು ಎಲ್ಲ ಬಂದಿರೋದು. ಕೆಲವು ದಿನ ಒತ್ತುತ್ತಾರೆ, ಆಮೇಲೆ ನಿಜವಾದ ಬಟನನ್ನೂ ಅನುಮಾನದಿಂದ ನೋಡ್ತಾರೆ.

ಗೂಬೆಕಣ್ಣು

ಒಪ್ಪಿದೆ. "ಈ ಫೋನಿನಲ್ಲಿ ಮಾತ್ರ" ಅನ್ನೋದು ಆ ಟಿಪ್ಪಣಿಯ ಬಗ್ಗೆಯೇ ಇರೋ ನಿಜ, ತಾರೀಖಿನ ಹಾಗೆ. ಅದಕ್ಕೆ ಅಲ್ಲಿ ಇರೋ ಹಕ್ಕಿದೆ. "ಪ್ರೀಮಿಯಂ ಪಡೆಯಿರಿ" ಅನ್ನೋದಕ್ಕೆ ಇಲ್ಲ. ಆ ಸಾಲಿನಲ್ಲಿ ಮಾರೋ ಮಾತು ಒಂದು ಸಲ ಬಂದರೂ ಕಣ್ಣು ಆ ಸಾಲನ್ನೂ ಬಳಸಿಕೊಂಡು ಹೋಗೋದು ಕಲಿಯುತ್ತೆ.

ಅನ್‌ಸಬ್‌ಸ್ಕ್ರೈಬ್_ರಾಣಿ

ಮತ್ತೆ ದಯವಿಟ್ಟು ಅನ್‌ಸಬ್‌ಸ್ಕ್ರೈಬ್ ಬಟನ್ ದೊಡ್ಡದಾಗಿ ಇಡಿ. 2024ರ ಫೆಬ್ರವರಿಯಿಂದ ದೊಡ್ಡ ಪ್ರಮಾಣದಲ್ಲಿ ಪ್ರಚಾರದ ಇಮೇಲ್ ಕಳಿಸೋರಿಗೆ ಜಿಮೇಲ್, ಯಾಹೂ ಒಂದೇ ಒತ್ತಿಗೆ ಹೊರಬರೋ ಹಾಗಿರಬೇಕು ಅಂತ ನಿಯಮ ಮಾಡಿವೆ. ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದು ಅಂತಲೂ. ಬಾಗಿಲು ಕಾಣದೇ ಇದ್ದರೆ ನನ್ನಂಥೋರು ಸ್ಪ್ಯಾಮ್ ಒತ್ತುತೀವಿ, ಆಮೇಲೆ ಓದೋರಿಗೂ ನಿಮ್ಮ ಇಮೇಲ್ ಮುಟ್ಟಲ್ಲ. ಲೋಗೋ ಬದಲಾದ ಸುದ್ದಿ ಬೇರೆ ಪಟ್ಟಿಗೆ, ಕಡತ ಹೋಗೋ ಸುದ್ದಿ ಬೇರೆ ಪಟ್ಟಿಗೆ ಮಾಡಿ. ಒಂದನ್ನ ಬಿಟ್ಟರೂ ಇನ್ನೊಂದರಲ್ಲಿ ಇರ್ತೀವಿ.

ಖಾಲಿ_ಪುಟ

ಐದು ವಾರ ಆಯ್ತು, ಏನಾಯ್ತು ಅಂತ ಹೇಳೋಕೆ ಬಂದೆ.

ಬಾಸ್ ಅರ್ಧ ಒಪ್ಪಿದರು. ಬ್ಯಾನರ್ ಹೋಯ್ತು. "ಈ ಫೋನಿನಲ್ಲಿ ಮಾತ್ರ" ಬಂತು, ತಾರೀಖಿನ ಪಕ್ಕದಲ್ಲೇ, ಬೂದು ಬಣ್ಣದಲ್ಲೇ. ಅಕ್ಷರಮೋಹಿ ಅವರ ಇಮೇಲ್ ಹೆಚ್ಚುಕಮ್ಮಿ ಹಾಗೇ ಹೋಯ್ತು. ಪಟ್ಟಿ ಎರಡಾಗಿಲ್ಲ, ಆದರೆ ತಿಂಗಳಿಗೆ ಒಂದೇ ಇಮೇಲ್ ಅಂತ ಮಾತು ತಗೊಂಡೆ.

ಬ್ಯಾಕಪ್ ಆನ್ ಮಾಡೋರು ಹೆಚ್ಚಾಗಿದ್ದಾರೆ. ಇಮೇಲಿಂದಲೋ ಆ ಮೂರು ಪದದಿಂದಲೋ ಬಿಡಿಸಿ ಹೇಳೋಕೆ ಆಗಲ್ಲ, ಎರಡನ್ನೂ ಒಂದೇ ವಾರ ಬಿಟ್ಟಿದ್ದು ನನ್ನ ತಪ್ಪು. ನನಗೆ ಕುತೂಹಲ ಆಗಿದ್ದು ಬಂದ ಉತ್ತರಗಳಿಂದ. ಹಿಂದಿನ ಮೂರು ಇಮೇಲಿಗೆ ಒಬ್ಬರೂ ಉತ್ತರ ಬರೆದಿರಲಿಲ್ಲ. ಈ ಸಲ ಬರೆದರು, ಬಹಳಷ್ಟು ಜನ ಸಿಟ್ಟಿನಲ್ಲಿ: "ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ?" ಒಬ್ಬರು ಮಾತ್ರ, "ಈ ಫೋನಿನಲ್ಲಿ ಮಾತ್ರ ಇದೆ ಅಂತ ಗೊತ್ತಾಗಿ ಸಮಾಧಾನ ಆಯ್ತು, ಹಾಗೇ ಇರಲಿ, ಎಲ್ಲಿಗೂ ಕಳಿಸಬೇಡಿ" ಅಂತ ಬರೆದಿದ್ದಾರೆ. ಹಾಗೂ ಓದಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಫೋನ್ ನೀರಿಗೆ ಬಿದ್ದವರಿಗೆ ಲಾಗ್ ವಿಷಯ ಎತ್ತದೆ ಉತ್ತರ ಬರೆದೆ. ವಾಪಸ್ ಏನೂ ಬರೆದಿಲ್ಲ.

ಇನ್ನು ಬೂದಿಬಣ್ಣ, ನೀವು ಹೇಳಿದ್ದೇ ಆಯ್ತು. ನಿನ್ನೆ ಬಾಸ್ ಕೇಳಿದರು, ಆ ಬೂದು ಸಾಲು ಚೆನ್ನಾಗಿ ಕೆಲಸ ಮಾಡ್ತಿದೆಯಲ್ಲ, ಅಲ್ಲೇ ಪ್ರೀಮಿಯಂನದ್ದೂ ಎರಡು ಪದ ಹಾಕೋಣವಾ ಅಂತ. ಸೋಮವಾರ ಮೀಟಿಂಗ್ ಇದೆ. ಗೂಬೆಕಣ್ಣು, ಆ ಚುಕ್ಕಿ ಓಡೋ ಪರೀಕ್ಷೆಯ ವಿಡಿಯೊ ಯಾವುದಾದರೂ ತೋರಿಸಬಹುದಾ? ಮಾತಿಗಿಂತ ಅದು ಬೇಗ ಮುಟ್ಟುತ್ತೆ ಅನ್ನಿಸುತ್ತೆ.

ಗೂಬೆಕಣ್ಣು

ಮುಖ ಕಾಣದ ಒಂದಿದೆ, ಕೂತವರ ಅನುಮತಿ ಕೇಳಿ ಭಾನುವಾರದೊಳಗೆ ಹೇಳ್ತೀನಿ.

ತಲೆಹರಟೆ

ನಾನು ಬಳಸೋ ಟಿಪ್ಪಣಿ ಆ್ಯಪ್ ಬೇರೆ ಕಂಪನಿಯದ್ದು. ಇದೆಲ್ಲ ಓದಿ ಸುಮ್ನೆ ತೆರೆದು ನೋಡ್ದೆ. ಮೇಲ್ಗಡೆ ಹಸಿರು ಬಣ್ಣದ್ದೊಂದು ಪಟ್ಟಿ ಇದೆ. ಎಷ್ಟು ದಿನದಿಂದ ಇದೆಯೋ, ದೇವರಾಣೆ ಗೊತ್ತಿಲ್ಲ. ಏನ್ ಬರೆದಿದೆ ಅಂತ ಓದಿ ಬರ್ತೀನಿ, ತಡೀರಿ.